ಹೆಬ್ಬೆರಳ ಅಡಿಯ ಅಂಕೆ

ಮಳೆಗಾಲ ಶುರುವಾಯ್ತು ಅಂದರೆ ಶಿರಸಿ ಕಡೆಯ ಅಡಿಕೆ ಬೆಳೆಗಾರರಿಗೆ ಎರಡು ತಲೆಬಿಸಿ. ಕೊಳೆ ರೋಗ ಬರುವ ಮೊದಲೇ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸಬೇಕು. ಹವಾಮಾನ ಆಧಾರಿತ ಬೆಳೆ ವಿಮೆಗೆ ಕಾಗದಪತ್ರ ಹೊಂದಿಸಬೇಕು. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್. ಸುರಿಯುವ ಮಳೆಯಲ್ಲಿ ಪೇಟೆಗೆ ಓಡುವ ಬದಲು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿಬಿಡುವುದು ಸುಲಭ.

ಕಳೆದ ವರ್ಷ ನಮ್ಮ ಪಕ್ಕದ ಮನೆಯ ಅಣ್ಣ ಹಾಗೇ ಕಳಿಸಿದರು. ಹೋಗಿದ್ದು ಮಾತ್ರ ಊರಿನ ದೊಡ್ಡ ಗುಂಪಿಗೆ. ಒಂದು ಫೋಟೋದಲ್ಲಿ ಆಧಾರ್, ಇನ್ನೊಂದರಲ್ಲಿ ಪಾಸ್‌ಬುಕ್ಕಿನ ಮೊದಲ ಪುಟ. ನಾನು ಗಾಬರಿಯಾಗಿ ಫೋನ್ ಮಾಡಿದೆ. ‘ನಂಬರಿನ ಮೇಲೆ ಬೆರಳು ಅಡ್ಡ ಇದ್ದಲೇ ತಂಗಿ, ಎಂತ ಆಗ್ತು?’ ಅಂದರು. ನಿಜ, ಕಾರ್ಡ್ ಹಿಡಿದ ಹೆಬ್ಬೆರಳು ಕೊನೆಯ ಒಂದು ಅಂಕೆಯನ್ನು ಮುಚ್ಚಿತ್ತು. ಉಳಿದ ಹನ್ನೊಂದು ಸ್ಪಷ್ಟವಾಗಿ ಕಾಣುತ್ತಿದ್ದವು.

ಆ ಬೆರಳಿನ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಧಾರ್‌ನ 12 ಅಂಕೆಗಳಲ್ಲಿ ಮೊದಲ ಹನ್ನೊಂದಕ್ಕೆ ನಿಮ್ಮ ಊರು, ವಯಸ್ಸು, ಜಾತಿ ಯಾವುದರ ಸಂಬಂಧವೂ ಇಲ್ಲ. ಸುಮ್ನೆ ಚೀಟಿ ಎತ್ತಿದ ಹಾಗೆ ಬಂದ ಅಂಕೆಗಳು ಅವು. ಹನ್ನೆರಡನೆಯದು ಹಾಗಲ್ಲ. ಹಿಂದಿನ ಹನ್ನೊಂದನ್ನು ಲೆಕ್ಕ ಹಾಕಿ ಅದನ್ನು ಕೂರಿಸಿರುತ್ತಾರೆ. ಕಚೇರಿಯಲ್ಲಿ ನಂಬರ್ ಟೈಪ್ ಮಾಡುವಾಗ ಒಂದು ಅಂಕೆ ತಪ್ಪಿದರೆ, ಅಥವಾ 47 ಅನ್ನುವುದು 74 ಆದರೆ, ಲೆಕ್ಕ ತಾಳೆಯಾಗುವುದಿಲ್ಲ. ಕಂಪ್ಯೂಟರ್ ಅಲ್ಲೇ ನಿಲ್ಲಿಸುತ್ತದೆ. ಡಚ್ ಗಣಿತಜ್ಞ ಯಾಕೋಬಸ್ ವರ್ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನ ಇದು. ಒಂದೇ ಅಂಕೆಯ ತಪ್ಪನ್ನೂ ಪಕ್ಕಪಕ್ಕದ ಅಂಕೆಗಳ ಅದಲುಬದಲನ್ನೂ ಅದು ಒಂದೂ ಬಿಡದೆ ಹಿಡಿಯುತ್ತದೆ. ಎಷ್ಟು ಚೆಂದದ ಗಣಿತ ಅಲ್ವಾ!

ಆದರೆ ತಪ್ಪು ಹಿಡಿಯಲು ಬರುವ ಲೆಕ್ಕಕ್ಕೆ ಮುಚ್ಚಿದ್ದನ್ನು ಹುಡುಕಲೂ ಬರುತ್ತದೆ. ಹನ್ನೆರಡರಲ್ಲಿ ಯಾವುದೇ ಒಂದು ಅಂಕೆ ಮರೆಯಾದರೂ ಆ ಜಾಗಕ್ಕೆ ಹೊಂದುವ ಅಂಕೆ ಒಂದೇ ಒಂದು. ಅಣ್ಣನ ಹೆಬ್ಬೆರಳು ಏನನ್ನೂ ಮುಚ್ಚಿರಲಿಲ್ಲ ಅಂತಲೇ ಲೆಕ್ಕ. ಎರಡು ಅಂಕೆ ಮರೆಯಾಗಿದ್ದರೂ ಉಳಿಯುವ ಸಾಧ್ಯತೆಗಳು ಹತ್ತೇ. ಅದೇ ಸರ್ಕಾರವೇ ಕೊಡುವ ಮಾಸ್ಕ್ಡ್ ಆಧಾರ್ ತೆಗೆದುಕೊಳ್ಳಿ. ಅದರಲ್ಲಿ ಮೊದಲ ಎಂಟು ಅಂಕೆ ಮುಚ್ಚಿ, ಕೊನೆಯ ನಾಲ್ಕನ್ನು ಮಾತ್ರ ತೋರಿಸುತ್ತಾರೆ. ಆಧಾರ್ ನಂಬರ್ 0 ಅಥವಾ 1ರಿಂದ ಶುರುವಾಗುವುದಿಲ್ಲ ಎಂಬುದನ್ನೂ ಸೇರಿಸಿಕೊಂಡು ಲೆಕ್ಕ ಹಾಕಿದರೆ 80 ಲಕ್ಷ ಸಾಧ್ಯತೆಗಳು ಉಳಿಯುತ್ತವೆ. ಒಂದೆಲ್ಲಿ, 80 ಲಕ್ಷ ಎಲ್ಲಿ! ಮುಚ್ಚುವುದಾದರೆ ಹೀಗೆ ಮುಚ್ಚಬೇಕು. ಮೊಬೈಲ್‌ನಲ್ಲಿ ಕಪ್ಪು ಗೆರೆ ಎಳೆದು ಕಳಿಸುವುದನ್ನೂ ನಂಬಬೇಡಿ. ಕೆಲವು ಬ್ರಷ್‌ಗಳ ಬಣ್ಣ ತೆಳು. ಫೋಟೋದ ಬೆಳಕು ಹೆಚ್ಚಿಸಿದರೆ ಅಡಿಯ ಅಂಕೆ ಎದ್ದು ಕಾಣುತ್ತದೆ.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಕೆಲವರು ಧೈರ್ಯದಿಂದ ಇರುತ್ತಾರೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ಇಸವಿ. ಪಾಸ್‌ವರ್ಡ್ ಅಂದರೆ ಅಷ್ಟೇ. ಹೆಸರು ಗೊತ್ತಿದ್ದವರಿಗೆ ಉಳಿಯುವುದು ಹೆಚ್ಚೆಂದರೆ ನೂರು ಇಸವಿ. ಅಷ್ಟನ್ನು ಒಂದೊಂದಾಗಿ ಹಾಕಿ ನೋಡಲು ಕಂಪ್ಯೂಟರ್‌ಗೆ ಕ್ಷಣವೂ ಬೇಡ. ಝೆರಾಕ್ಸ್ ಅಂಗಡಿಗೆ ಪ್ರಿಂಟ್ ಹಾಕಲು ಕಳಿಸುವವರಂತೂ ಫೈಲಿನ ಕೆಳಗೇ ಪಾಸ್‌ವರ್ಡ್ ಬರೆದಿರುತ್ತಾರೆ. ಆ ಫೈಲ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಎಷ್ಟು ದಿನ ಉಳಿಯುತ್ತದೆ ಎಂದು ಯಾರೂ ಕೇಳುವುದಿಲ್ಲ.

‘ಬರೀ ನಂಬರ್ ಸಿಕ್ಕರೆ ಯಾರು ಏನು ಮಾಡಿಯಾರು?’ ಇದು ನ್ಯಾಯವಾದ ಪ್ರಶ್ನೆ. ನಂಬರ್ ಒಂದರಿಂದಲೇ ಯಾರೂ ನಿಮ್ಮ ಖಾತೆಯ ದುಡ್ಡು ತೆಗೆಯಲಾರರು. ಅಪಾಯ ಇರುವುದು ಜೋಡಣೆಯಲ್ಲಿ. ನಮ್ಮ ಹಳ್ಳಿಗಳಲ್ಲಿ ಬೆರಳೊತ್ತಿ ದುಡ್ಡು ತೆಗೆಯುವ ಆಧಾರ್ ಪಾವತಿ ವ್ಯವಸ್ಥೆಯನ್ನೇ ನೋಡಿ. ಅದಕ್ಕೆ ಬೇಕಾದ್ದು ಮೂರು: ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು. ಒಟಿಪಿ ಬೇಡ. ಬ್ಯಾಂಕಿಗೆ ಹೋಗಲಾಗದ ವಯಸ್ಸಾದವರಿಗೆ ಇದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಣ್ಣನ ಎರಡು ಫೋಟೋಗಳಲ್ಲಿ ಮೂರರಲ್ಲಿ ಎರಡು ಹೊರಗೆ ಬಿದ್ದಿದ್ದವು. ಮೂರನೆಯದು? ಆಸ್ತಿ ನೋಂದಣಿಯ ಕಾಗದದಲ್ಲಿ ನಾವೆಲ್ಲ ಬೆರಳೊತ್ತಿದ್ದೇವೆ. ಅಂಥ ಕಾಗದದಿಂದ ಗುರುತು ಎತ್ತಿ, ಸಿಲಿಕಾನ್‌ನಲ್ಲಿ ನಕಲಿ ಬೆರಳು ಮಾಡಿ ದುಡ್ಡು ತೆಗೆದ ಪ್ರಕರಣಗಳು ದೇಶದಲ್ಲಿ ನಡೆದಿವೆ. 2023ರಲ್ಲಿ ಮಂಗಳೂರಿನ ಕಡೆಯೂ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಹೀಗೆ ದುಡ್ಡು ಹೋದ ದೂರುಗಳು ಬಂದವು. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು. ಬೆರಳನ್ನು ಏನು ಮಾಡೋಣ?

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಪ್ರಕಟಣೆ ಕೊಟ್ಟಿತ್ತು. ಕಂಡಕಂಡಲ್ಲಿ ಝೆರಾಕ್ಸ್ ಕೊಡಬೇಡಿ, ಮಾಸ್ಕ್ಡ್ ಪ್ರತಿ ಬಳಸಿ ಎಂದು. ಜನ ತಪ್ಪು ತಿಳಿದಾರು ಅಂತ ಎರಡೇ ದಿನಕ್ಕೆ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ನನಗೆ ಕೇಳಿದರೆ ಆ ಸಲಹೆ ಸರಿಯಾಗಿಯೇ ಇತ್ತು.

ಗೋಕರ್ಣದ ಕಡೆ ಹೋಮ್‌ಸ್ಟೇ ನಡೆಸುವವರಿಗೂ ಇದನ್ನೇ ಹೇಳುತ್ತೇನೆ. ಬಂದುಹೋದ ಅತಿಥಿಗಳ ಕಾರ್ಡ್‌ಗಳೆಲ್ಲ ನಿಮ್ಮ ಮೊಬೈಲ್ ಗ್ಯಾಲರಿಯಲ್ಲಿ, ಮಕ್ಕಳ ಫೋಟೋಗಳ ನಡುವೆ ಬಿದ್ದಿರುತ್ತವೆ. ಮೊಬೈಲ್ ಕಳೆದರೆ ಎಲ್ಲವೂ ಹೋದಂತೆ. ಆಧಾರ್ ಮೇಲಿನ ಕ್ಯೂಆರ್ ಕೋಡ್‌ನಲ್ಲಿ ಪ್ರಾಧಿಕಾರದ ಡಿಜಿಟಲ್ ಸಹಿ ಇದೆ. ಅದನ್ನು ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಕಾರ್ಡ್ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಫೋಟೋ ನೋಡಿ ಅದು ಗೊತ್ತಾಗುವುದಿಲ್ಲ. ಪ್ರತಿ ಇಟ್ಟುಕೊಳ್ಳಲೇಬೇಕು ಅಂತಿದ್ದರೆ ಮಾಸ್ಕ್ಡ್ ಪ್ರತಿ ಕೇಳಿ. ಝೆರಾಕ್ಸ್ ಕೊಡುವವರು ಅದರ ಮೇಲೆ ಅಡ್ಡಲಾಗಿ ‘ಇಂಥ ಕೆಲಸಕ್ಕೆ ಮಾತ್ರ’ ಎಂದು ತಾರೀಕು ಸಹಿತ ಬರೆದುಕೊಡಿ. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಣ್ಣ ಅವತ್ತು ಫೋಟೋಗಳನ್ನು ಗುಂಪಿನಿಂದ ಅಳಿಸಿದರು. ಅಷ್ಟರಲ್ಲಿ ಯಾರೋ ‘ಇದು ಯಾರದು ನೋಡಿ’ ಅಂತ ಇನ್ನೊಂದು ಗುಂಪಿಗೆ ಕಳಿಸಿಯಾಗಿತ್ತು. ಹಾಗಾಗಿ ಸಂಜೆ ಅವರ ಮನೆ ಜಗಲಿಯಲ್ಲಿ ಕೂತು ಎಂ-ಆಧಾರ್ ಆ್ಯಪ್‌ನಲ್ಲಿ ಅವರ ಬೆರಳಚ್ಚಿಗೆ ಬೀಗ ಹಾಕಿದೆವು. ಬಯೋಮೆಟ್ರಿಕ್ ಲಾಕ್ ಅನ್ನುತ್ತಾರೆ. ಬೀಗ ಇರುವವರೆಗೆ ನಕಲಿ ಬೆರಳೂ ನಡೆಯುವುದಿಲ್ಲ, ಅಸಲಿಯೂ ನಡೆಯುವುದಿಲ್ಲ. ಅದು ನಮಗೆ ನೆನಪಾದದ್ದು ಮುಂದಿನ ತಿಂಗಳು, ನ್ಯಾಯಬೆಲೆ ಅಂಗಡಿಯಲ್ಲಿ ಅಣ್ಣನ ಹೆಬ್ಬೆರಳನ್ನು ಯಂತ್ರ ಒಪ್ಪದಿದ್ದಾಗ. ಈಗ ಅವರ ಮನೆಯ ಕ್ಯಾಲೆಂಡರ್‌ನಲ್ಲಿ, ಅಡಿಕೆ ರೇಟು ಬರೆದಿಡುವ ಜಾಗದ ಪಕ್ಕ, ಅತ್ತಿಗೆ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ: ‘ರೇಷನ್ನಿಗೆ ಹೋಗುವಾಗ ಬೀಗ ತೆಗೆಯುವುದು. ಬಂದಮೇಲೆ ಹಾಕುವುದು.’