ಹಾಸಿಗೆಯ ಲೆಕ್ಕ, ಹೆಜ್ಜೆಯ ಲೆಕ್ಕ

ರಾತ್ರಿ 10ಕ್ಕೆ ಮಲಗಿ ಬೆಳಿಗ್ಗೆ 7ಕ್ಕೆ ಎದ್ದವರು ‘ಒಂಬತ್ತು ಗಂಟೆ ನಿದ್ದೆಯಾಯಿತು, ಆದರೂ ಮೈ ಭಾರ’ ಎನ್ನುವುದುಂಟು. ಆ ಒಂಬತ್ತು ಗಂಟೆ ಹಾಸಿಗೆಯದು, ನಿದ್ದೆಯದಲ್ಲ. ನಿದ್ದೆ ಹತ್ತಲು ಮುಕ್ಕಾಲು ಗಂಟೆ, ನಡುರಾತ್ರಿ ಎಚ್ಚರವಾಗಿ ಹೊರಳಾಡಿದ್ದು ಒಂದು ಗಂಟೆ, ಬೆಳಗಾದ ಮೇಲೆ ಫೋನ್ ಹಿಡಿದು ಬಿದ್ದುಕೊಂಡದ್ದು ಅರ್ಧ ಗಂಟೆ. ಇಷ್ಟನ್ನು ಕಳೆದರೆ ಉಳಿಯುವುದು 405 ನಿಮಿಷ. ಅದನ್ನು ಹಾಸಿಗೆಯ 540 ನಿಮಿಷದಿಂದ ಭಾಗಿಸಿ ನೂರರಿಂದ ಗುಣಿಸಿದರೆ 75. ಇದಕ್ಕೆ ನಿದ್ರಾ ದಕ್ಷತೆ ಎನ್ನುತ್ತಾರೆ. ವಯಸ್ಕರಲ್ಲಿ ಸಾಮಾನ್ಯವಾಗಿ 85ಕ್ಕಿಂತ ಕಡಿಮೆ ಇರಬಾರದು.

ಮರುದಿನದ ಚಟುವಟಿಕೆಗೂ ಇದಕ್ಕೂ ಏನು ನಂಟು? ಮೊದಲು ಒಂದು ಲೆಕ್ಕದ ಮೋಸವನ್ನು ಬಿಡಿಸಿಕೊಳ್ಳಬೇಕು. 8 ಗಂಟೆ ಹಾಸಿಗೆಯಲ್ಲಿದ್ದವರಿಗೆ ಓಡಾಡಲು 16 ಗಂಟೆ ಸಿಗುತ್ತದೆ, 10 ಗಂಟೆ ಇದ್ದವರಿಗೆ 14. ಮೊದಲನೆಯವರು 8,000 ಹೆಜ್ಜೆ, ಎರಡನೆಯವರು 7,000 ಹೆಜ್ಜೆ ನಡೆದರೆ ಇಬ್ಬರದೂ ಗಂಟೆಗೆ 500ರ ಲೆಕ್ಕವೇ. ‘ಹೆಚ್ಚು ಮಲಗಿದವರು ಸೋಮಾರಿಗಳು’ ಎನ್ನುವ ತೀರ್ಮಾನ ಎಷ್ಟೋ ಸಲ ಇಂಥ ಲೆಕ್ಕದಿಂದಲೇ ಹುಟ್ಟುತ್ತದೆ. ಹಾಗಾಗಿ ಒಟ್ಟು ಹೆಜ್ಜೆಯ ಜೊತೆಗೆ, ಹಾಸಿಗೆಯ ಹೊರಗಿದ್ದ ಪ್ರತಿ ಗಂಟೆಯ ಹೆಜ್ಜೆಯನ್ನೂ ನೋಡಬೇಕು.

ನಿಜವಾಗಿ ಕಾಡುವುದು ಹಾಸಿಗೆಯಲ್ಲಿ ಎಚ್ಚರವಾಗಿ ಕಳೆದ ಹೊತ್ತು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿದ್ರಾಹೀನತೆಯಿದ್ದ 11 ಮಹಿಳೆಯರು 16 ವಾರ ವ್ಯಾಯಾಮ ಮಾಡಿದರು. ನಿದ್ದೆ ಹತ್ತಲು ತಡವಾದ ರಾತ್ರಿಯ ಮರುದಿನ ಅವರ ವ್ಯಾಯಾಮದ ಅವಧಿ ಮೊಟಕಾಗುತ್ತಿತ್ತು. ವ್ಯಾಯಾಮ ಮಾಡಿದ ದಿನವೇ ರಾತ್ರಿ ನಿದ್ದೆ ಸುಧಾರಿಸಿದ್ದು ಮಾತ್ರ ಕಾಣಲಿಲ್ಲ. ಗುಂಪು ಚಿಕ್ಕದು, ನಿಜ. ಆದರೂ ವಾಕಿಂಗ್ ಶುರುಮಾಡಿ ನಾಲ್ಕೇ ದಿನಕ್ಕೆ ‘ನಿದ್ದೆ ಸರಿಹೋಗಲಿಲ್ಲ’ ಎಂದು ಬಿಟ್ಟುಬಿಡುವವರು ಇದನ್ನು ಗಮನಿಸಬೇಕು. ಆ ಫಲ ವಾರಗಟ್ಟಲೆ ಕಾಯಿಸುತ್ತದೆ.

ನಿದ್ದೆಗೆಟ್ಟವರು ಮಾಡುವ ಸಾಮಾನ್ಯ ತಪ್ಪೆಂದರೆ ಮರುದಿನ ಬೇಗ ಮಲಗಿ ತಡವಾಗಿ ಏಳುವುದು. ನಾವು ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ನಿದ್ದೆಯ ಒತ್ತಡ ಏರುತ್ತದೆ. ಎಚ್ಚರದ ಹೊತ್ತು ಕಡಿಮೆಯಾದರೆ ಒತ್ತಡ ಸಾಲದೆ ಮತ್ತೆ ಹೊರಳಾಟ. ಸಂಜೆಯ ಒಂದು ಗಂಟೆ ಮಂಪರು ಮಾಡುವ ಕೆಡುಕೂ ಇದೇ.

ಮಾಡಬೇಕಾದ್ದು ಕಷ್ಟವೇನಲ್ಲ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಮಲಗಿದ ಹೊತ್ತು, ನಿದ್ದೆ ಹತ್ತಿದ್ದು ಸುಮಾರು ಎಷ್ಟಕ್ಕೆ, ನಡುವಿನ ಎಚ್ಚರ, ಬೆಳಿಗ್ಗೆ ಎಚ್ಚರವಾದ ಹೊತ್ತು, ಹಾಸಿಗೆ ಬಿಟ್ಟ ಹೊತ್ತು, ಹೆಜ್ಜೆಗಳು, ಇಷ್ಟನ್ನು ಬರೆಯಿರಿ. ರಾತ್ರಿ ಗಡಿಯಾರ ನೋಡುತ್ತಾ ಕೂರಬೇಡಿ, ಬೆಳಿಗ್ಗೆಯ ಅಂದಾಜು ಸಾಕು. ಕೈಗೆ ಕಟ್ಟುವ ಸ್ಮಾರ್ಟ್ ವಾಚನ್ನೇ ಪೂರ್ತಿ ನಂಬಬೇಡಿ: ಅಲುಗಾಡದೆ ಮಲಗಿದ್ದ ಎಚ್ಚರವನ್ನೂ ಅದು ಎಷ್ಟೋ ಸಲ ನಿದ್ದೆಗೆ ಸೇರಿಸಿಬಿಡುತ್ತದೆ. ಸರಾಸರಿ ದಕ್ಷತೆ 85ರ ಕೆಳಗಿದ್ದರೆ ಏಳುವ ಸಮಯವನ್ನು ಭಾನುವಾರವೂ ಸೇರಿ ಒಂದೇ ಮಾಡಿ, ಮಲಗುವ ಸಮಯವನ್ನು 15ರಿಂದ 30 ನಿಮಿಷ ತಡಮಾಡಿ, ಒಂದು ವಾರ ನೋಡಿ. 7 ಗಂಟೆ ನಿದ್ದೆಯೂ ಸಿಗದವರು ಹಾಸಿಗೆಯ ಹೊತ್ತನ್ನು ಕತ್ತರಿಸಬಾರದು, ಅವರಿಗೆ ಹೆಚ್ಚಿಸುವುದೇ ಮದ್ದು. ನಿದ್ದೆ ಬಂದೂ ಮಲಗಲು ಬಿಡುವಿಲ್ಲದವರ ಮಾತಿದು.

ಹಾಸಿಗೆಯ ಸಮಯವನ್ನು ಗಂಟೆಗಟ್ಟಲೆ ಕಡಿತಗೊಳಿಸುವ ಚಿಕಿತ್ಸೆ 1987ರಿಂದಲೂ ಇದೆ, ಆದರೆ ಅದು ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು. ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಯ ನಡುವೆ ತೂಗುವ ಕಾಯಿಲೆ) ಇರುವವರು, ರಾತ್ರಿ ವಾಹನ ಓಡಿಸುವವರು ತಾವಾಗಿಯೇ ಅದಕ್ಕೆ ಕೈಹಾಕಬಾರದು. ಜೋರು ಗೊರಕೆಯ ನಡುವೆ ಉಸಿರು ಕಟ್ಟುವವರಿಗಂತೂ ದಕ್ಷತೆಯ ಅಂಕಿ ಎಷ್ಟೇ ಚೆನ್ನಾಗಿದ್ದರೂ ಮೊದಲು ತಪಾಸಣೆಯಾಗಬೇಕು.