ಹಿಂದಕ್ಕೆ ತಿರುಗಿದ ಬಾಣಗಳು

ಸಭೆಯ ಕೋಣೆಯಲ್ಲಿ ಮೇಜು ತುಂಬುವಷ್ಟು ದೊಡ್ಡ ನಕ್ಷೆಯೊಂದನ್ನು ಹರಡುತ್ತಾರೆ. ಎಡತುದಿಯಲ್ಲಿ ‘ಅಗತ್ಯಗಳು’, ಬಲತುದಿಯಲ್ಲಿ ‘ಉತ್ಪಾದನೆಗೆ ಬಿಡುಗಡೆ’, ನಡುವೆ ಮೂವತ್ತೋ ನಲವತ್ತೋ ಚೌಕಗಳು, ಒಂದೊಂದೂ ವಿನ್ಯಾಸದ ಒಂದೊಂದು ಕೆಲಸ. ಬಲಕ್ಕೆ ಸಾಗುವ ಕಪ್ಪು ಬಾಣಗಳ ನಡುವೆ ಅಲ್ಲಲ್ಲಿ ಎಡಕ್ಕೆ ಬಾಗಿ ಮರಳುವ ಕೆಂಪು ಬಾಣಗಳು: ಮಾಡಿದ ಕೆಲಸ ತಿದ್ದುಪಡಿಗೆಂದು ಹಿಂದಿರುಗುವ ಜಾಗಗಳು. ವಿಭಾಗದ ಮುಖ್ಯಸ್ಥರು ಒಂದು ಕೆಂಪು ಬಾಣದ ಮೇಲೆ ಬೆರಳಿಟ್ಟು ಕೇಳುತ್ತಾರೆ: “ಇವು ಹೋಗಬೇಕು. ಯಾವ ಉದ್ಯಮದಲ್ಲಿ ಇವಿಲ್ಲದೆ ಕೆಲಸ ನಡೆಯುತ್ತದೆ? ಅವರ ಪದ್ಧತಿಯನ್ನು ನಮಗೆ ತಂದುಕೊಡಿ.”

ಬೇರೆ ಬೇರೆ ಉದ್ಯಮಗಳಲ್ಲಿ ವಿನ್ಯಾಸದ ಕೆಲಸ ಹೇಗೆ ನಡೆಯುತ್ತದೆ ಎಂದು ಅಭ್ಯಸಿಸುವುದೇ ನನ್ನ ವೃತ್ತಿ. ಜೆಟ್ ಎಂಜಿನ್, ಹೆಣಿಗೆಯ ಉಡುಪು, ಕಟ್ಟಡ, ತಂತ್ರಾಂಶ, ವೈದ್ಯಕೀಯ ಉಪಕರಣ, ಹೀಗೆ ಅನುಮತಿ ಸಿಕ್ಕ ಕಡೆಯೆಲ್ಲ ತಿಂಗಳುಗಟ್ಟಲೆ ಕುಳಿತು ನೋಡಿದ್ದೇನೆ. ವಸ್ತು ಬದಲಾಗುತ್ತದೆ, ಪರಿಭಾಷೆ ಬದಲಾಗುತ್ತದೆ. ಕೆಂಪು ಬಾಣದ ಮೇಲಿನ ಆ ಬೆರಳು ಮಾತ್ರ ಎಲ್ಲ ಕಡೆಯೂ ಇದೆ. ನನಗೆ ತಾಳ್ಮೆ ತಪ್ಪುವುದು ಅಲ್ಲಿಯೇ. ಆ ಬಾಣಗಳೆಲ್ಲ ಒಂದೇ ಬಣ್ಣದವು ನಿಜ, ಆದರೆ ಒಂದೇ ಜಾತಿಯವಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ; ಮತ್ತೊಮ್ಮೆ ಹೇಳುತ್ತೇನೆ, ಈ ಸಲ ಸಾವಕಾಶವಾಗಿ.

ಟರ್ಬೈನ್ ಬ್ಲೇಡ್‌ನಿಂದ ಶುರು ಮಾಡೋಣ. ಇಂದಿನ ಜೆಟ್ ಎಂಜಿನ್‌ನಲ್ಲಿ ಟರ್ಬೈನ್‌ನ ಮೊದಲ ಸಾಲಿಗೆ ಬಡಿಯುವ ಅನಿಲದ ಬಿಸಿ, ಬ್ಲೇಡಿನ ಲೋಹ ಕರಗುವ ಬಿಸಿಗಿಂತಲೂ ಹೆಚ್ಚು. ಆದ್ದರಿಂದ ಬ್ಲೇಡಿನ ಒಡಲೊಳಗೆ ಸಣ್ಣ ಕಾಲುವೆಗಳನ್ನು ರೂಪಿಸಿ ತಂಪು ಗಾಳಿ ಹಾಯಿಸುತ್ತಾರೆ. ಆ ಗಾಳಿ ಬರುವುದು ಅದೇ ಎಂಜಿನ್‌ನಲ್ಲಿ ಗಾಳಿಯನ್ನು ಒತ್ತಿ ಕಳುಹಿಸುವ ಕಂಪ್ರೆಸರ್‌ನಿಂದ. ಹೆಚ್ಚು ತೆಗೆದರೆ ಎಂಜಿನ್‌ನ ದಕ್ಷತೆ ಇಳಿಯುತ್ತದೆ. ಗಾಳಿಯ ಹರಿವನ್ನು ಲೆಕ್ಕ ಹಾಕುವವರಿಗೆ ಬ್ಲೇಡ್ ತೆಳುವಾಗಿರಬೇಕು. ಬಲದ ಲೆಕ್ಕದವರಿಗೆ ದಪ್ಪವಾಗಿರಬೇಕು. ತಂಪಿನ ಲೆಕ್ಕದವರಿಗೆ ಒಳಗೆ ಜಾಗ ಬೇಕು. ದಪ್ಪ ತಿಳಿಯದೆ ಬಿಸಿಯ ಲೆಕ್ಕ ಸಿಗದು, ಬಿಸಿ ತಿಳಿಯದೆ ಲೋಹದ ಬಲ ತಿಳಿಯದು, ಬಲ ತಿಳಿಯದೆ ದಪ್ಪ ತೀರ್ಮಾನವಾಗದು. ಇಲ್ಲಿ ಮೊದಲನೆಯವರು ಯಾರು? ಯಾರೂ ಅಲ್ಲ. ಯಾರಾದರೊಬ್ಬರು ಒಂದು ಅಂದಾಜು ಇಟ್ಟು ಹೊರಡಬೇಕು, ಸುತ್ತಿ ಬಂದು ಆ ಅಂದಾಜನ್ನು ತಿದ್ದಬೇಕು, ಮತ್ತೆ ಸುತ್ತಬೇಕು. ಆ ಕೆಂಪು ಬಾಣವನ್ನು ಅಳಿಸಿದರೆ ಅಳಿಯುವುದು ತಿದ್ದುಪಡಿ. ಮೊದಲ ಅಂದಾಜು ಹಾಗೆಯೇ ಲೋಹವಾಗಿ ಕೂರುತ್ತದೆ.

ಎಲ್ಲ ಸುತ್ತುಗಳೂ ಇಷ್ಟು ಅನಿವಾರ್ಯವಲ್ಲ ಎಂಬುದನ್ನೂ ಒಪ್ಪುತ್ತೇನೆ. 1981ರಲ್ಲಿ ಸಂಶೋಧಕ ಡೊನಾಲ್ಡ್ ಸ್ಟೀವರ್ಡ್ ಪ್ರಕಟಿಸಿದ ಒಂದು ಸರಳ ಉಪಾಯ ನಮ್ಮ ಕ್ಷೇತ್ರದಲ್ಲಿ ಇಂದಿಗೂ ನಿತ್ಯದ ಬಳಕೆಯಲ್ಲಿದೆ. ಕೆಲಸಗಳನ್ನೆಲ್ಲ ಮೇಲಿನಿಂದ ಕೆಳಕ್ಕೂ ಅದೇ ಕ್ರಮದಲ್ಲಿ ಎಡದಿಂದ ಬಲಕ್ಕೂ ಬರೆದು, ಯಾವ ಕೆಲಸ ಯಾವುದರ ಮಾಹಿತಿಗಾಗಿ ಕಾಯುತ್ತದೆಯೋ ಆ ಮನೆಯಲ್ಲಿ ಗುರುತು ಹಾಕುವ ಚೌಕಳಿ ಅದು. ನಂತರ ಸಾಲುಗಳನ್ನು ಅದಲುಬದಲು ಮಾಡುತ್ತಾ ಹೋದರೆ ಕೆಲವು ಹಿಂಬಾಣಗಳು ತಾವಾಗಿ ಮಾಯವಾಗುತ್ತವೆ. ಕೆಲಸವನ್ನು ತಪ್ಪು ಕ್ರಮದಲ್ಲಿ ಮಾಡುತ್ತಿದ್ದುದರಿಂದಷ್ಟೇ ಅವು ಹುಟ್ಟಿದ್ದವು. ಎಷ್ಟು ಅದಲುಬದಲು ಮಾಡಿದರೂ ಹೋಗದೆ ಉಳಿಯುವ ಗುರುತುಗಳು ಬ್ಲೇಡಿನಂಥವು. ಅಂಥವನ್ನು ಮಾಡುವವರನ್ನು ಒಂದೇ ಕೋಣೆಯಲ್ಲಿ ಕೂರಿಸಬೇಕೇ ಹೊರತು, ಅವರ ನಡುವೆ ಅನುಮೋದನೆಯ ಬಾಗಿಲು ಕಟ್ಟಬಾರದು.

ಇನ್ನೊಂದು ಜಾತಿ ಹೆಣಿಗೆಯ ಉಡುಪಿನಲ್ಲಿದೆ. ಸಂಶೋಧನೆಯ ಬದುಕಿನಲ್ಲಿ ನನಗೆ ಅತ್ಯಂತ ಹೆಚ್ಚು ಕಲಿಸಿದ ಉದ್ಯಮ ಇದು. ಎಂಜಿನ್ ತಯಾರಕರಿಗೆ ಹೀಗೆಂದರೆ ಸ್ವಲ್ಪ ನೋವಾಗುತ್ತದೆ, ಆದರೂ ನಿಜ. ಇಲ್ಲಿ ವಿನ್ಯಾಸಕಾರರು ಉಡುಪನ್ನು ಕಲ್ಪಿಸುತ್ತಾರೆ, ತಂತ್ರಜ್ಞರು ಹೆಣಿಗೆ ಯಂತ್ರಕ್ಕೆ ಪ್ರೋಗ್ರಾಂ ಬರೆಯುತ್ತಾರೆ. ಇಬ್ಬರ ನಡುವೆ ಓಡಾಡುವುದು ಒಂದು ಹಾಳೆ: ಕೈಯಲ್ಲಿ ಬರೆದ ಚಿತ್ರ, ಒಂದಿಷ್ಟು ಅಳತೆ, ಎರಡು ಸಾಲು ವಿವರಣೆ. ಆ ಹಾಳೆಗಳು ಎಷ್ಟು ಅಪೂರ್ಣ, ಎಷ್ಟು ಪರಸ್ಪರ ವಿರುದ್ಧ ಎಂಬುದನ್ನು ವಿನ್ಯಾಸ ಸಂಶೋಧಕಿ ಕ್ಲೌಡಿಯಾ ಎಕರ್ಟ್ ಅವರ ಅಧ್ಯಯನಗಳು ವಿವರವಾಗಿ ತೋರಿಸಿವೆ. ಚಿತ್ರದಲ್ಲಿ ತೋಳು ಅಗಲ, ಅಳತೆಯಲ್ಲಿ ಕಿರಿದು. ಎರಡರಲ್ಲಿ ಯಾವುದನ್ನು ನಂಬಬೇಕು? ತಂತ್ರಜ್ಞರು ತಮ್ಮ ಅನುಭವವನ್ನು ನಂಬುತ್ತಾರೆ, ಹಿಂದಿನ ವರ್ಷ ಹೆಣೆದದ್ದಕ್ಕೆ ಹತ್ತಿರವಾದುದನ್ನು ಹೆಣೆಯುತ್ತಾರೆ. ಮಾದರಿ ನೋಡಿದ ವಿನ್ಯಾಸಕಾರರು ಇದು ನಾನು ಕೇಳಿದ್ದಲ್ಲ ಎನ್ನುತ್ತಾರೆ. ಹಿಂದಕ್ಕೊಂದು ಬಾಣ.

ಒಮ್ಮೆ ಇಂಥದೊಂದು ಕಾರ್ಖಾನೆಯಲ್ಲಿ ಹಿರಿಯ ತಂತ್ರಜ್ಞರೊಬ್ಬರ ಪಕ್ಕ ಕುಳಿತು, ಮರಳಿ ಬಂದ ಮಾದರಿಗಳ ರಾಶಿಯನ್ನು ಒಂದೊಂದಾಗಿ ನೋಡಿದೆ. ಪ್ರತಿಯೊಂದಕ್ಕೂ ಆಡಳಿತದವರ ದಾಖಲೆಯಲ್ಲಿ ಒಂದೇ ಪದ: ‘ತಿರಸ್ಕೃತ’. ಆ ತಂತ್ರಜ್ಞರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. “ಈ ನೂಲು ಈ ಹೆಣಿಗೆಯಲ್ಲಿ ಹೀಗೆ ಜೋತು ಬೀಳುತ್ತದೆ ಎಂದು ಹೆಣೆಯುವವರೆಗೆ ಯಾರಿಗೂ ಗೊತ್ತಿರಲಿಲ್ಲ. ಇದನ್ನು ನೋಡಿದ ಮೇಲೆಯೇ ವಿನ್ಯಾಸಕಾರ್ತಿಗೆ ಕತ್ತಿನ ಆಕಾರ ಹೊಳೆದದ್ದು. ಆ ಋತುವಿನ ಒಳ್ಳೆಯ ಉಡುಪು ಅದೇ.” ಇನ್ನೊಂದನ್ನು ಎತ್ತಿದರು. “ಇದು ವ್ಯರ್ಥ. ಹಾಳೆಯಲ್ಲಿ ಏನು ಬರೆದಿದೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.” ಎರಡೂ ಒಂದೇ ರಾಶಿ, ಒಂದೇ ಪದ, ನಕ್ಷೆಯಲ್ಲಿ ಒಂದೇ ಬಾಣ. ಒಂದು ಮಾದರಿ ಕಲಿಸಿತ್ತು, ಇನ್ನೊಂದು ಬರೀ ನೂಲು ತಿಂದಿತ್ತು. ಮಾದರಿಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ ಎಂದು ಮೇಲಿನಿಂದ ಆದೇಶ ಬಂದಾಗ ಯಾವುದು ಮೊದಲು ನಿಲ್ಲುತ್ತದೆ ಹೇಳಿ. ನಾನು ನೋಡಿದ ಕಡೆಗಳಲ್ಲಿ ಹೆಚ್ಚಾಗಿ ನಿಂತದ್ದು ಮೊದಲನೆಯದು. ಪ್ರಯೋಗಕ್ಕೆ ಮುಂಚಿತವಾಗಿ ಅನುಮತಿ ಕೇಳಬೇಕು, ಆದ್ದರಿಂದ ಅದನ್ನು ನಿಲ್ಲಿಸಬಹುದು. ತಪ್ಪು ತಿಳಿವಳಿಕೆ ಅನುಮತಿ ಕೇಳಿ ಬರುವುದಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರೆ ಮೂಗು ಹೋಗುತ್ತದೆ, ನೆಗಡಿ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಾನು ನೋಡಿರುವ ಸಂಸ್ಥೆಗಳು ಸಂಶೋಧಕರನ್ನು ಒಳಗೆ ಬಿಟ್ಟಂಥವು. ಬಾಗಿಲು ತೆರೆಯುವ ಧೈರ್ಯವಿರುವವರು ಎಲ್ಲರ ಪ್ರತಿನಿಧಿಗಳಾಗಲಾರರು. ಆದ್ದರಿಂದ ‘ಹೆಚ್ಚಾಗಿ’ ಎಂದಾಗ ಅದು ನನ್ನ ಟಿಪ್ಪಣಿ ಪುಸ್ತಕಗಳ ‘ಹೆಚ್ಚಾಗಿ’ ಎಂದಷ್ಟೇ ತಿಳಿಯಿರಿ.

ಮೂರನೆಯ ಜಾತಿಯ ಬಗ್ಗೆ ಹೇಳುವಾಗ ನನ್ನ ದನಿ ಬದಲಾಗುತ್ತದೆ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. 1981ರ ಜುಲೈ 17ರಂದು ಅಮೆರಿಕದ ಕ್ಯಾನ್ಸಾಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಿನ ಒಳಾಂಗಣದಲ್ಲಿ ತೂಗುತ್ತಿದ್ದ ಎರಡು ನಡೆದಾರಿಗಳು ಜನರ ಮೇಲೆ ಕುಸಿದವು. 114 ಜನ ಸತ್ತರು. ನಾಲ್ಕನೆಯ ಅಂತಸ್ತಿನ ನಡೆದಾರಿಯ ನೇರ ಕೆಳಗೆ ಎರಡನೆಯ ಅಂತಸ್ತಿನದು. ಮೂಲ ವಿನ್ಯಾಸದಲ್ಲಿ ಚಾವಣಿಯಿಂದ ಇಳಿದ ಉದ್ದನೆಯ ಉಕ್ಕಿನ ಸರಳುಗಳು ಮೇಲಿನದನ್ನು ಹಾದು ಕೆಳಗಿನದನ್ನೂ ಹೊರಬೇಕಿತ್ತು. ಅಷ್ಟುದ್ದದ ಸರಳು ತಯಾರಿಕೆಗೂ ಜೋಡಣೆಗೂ ತೊಡಕೆಂದು ಅದನ್ನು ಎರಡು ತುಂಡು ಮಾಡಲಾಯಿತು: ಒಂದು ಚಾವಣಿಯಿಂದ ಮೇಲಿನ ನಡೆದಾರಿಗೆ, ಇನ್ನೊಂದು ಮೇಲಿನ ನಡೆದಾರಿಯ ತೊಲೆಯಿಂದ ಕೆಳಗಿನದಕ್ಕೆ. ಕಾಗದದ ಮೇಲೆ ನೋಡಿದರೆ ಏನೂ ಬದಲಾದಂತಿಲ್ಲ. ಆದರೆ ಈಗ ಕೆಳಗಿನ ನಡೆದಾರಿ ಮೇಲಿನದರ ತೊಲೆಗೇ ಜೋತುಬಿದ್ದಿತ್ತು. ಆ ಜೋಡಣೆಯ ಮೇಲಿನ ಭಾರ ಎರಡು ಪಟ್ಟಾಗಿತ್ತು. ಒಂದೇ ಹಗ್ಗವನ್ನು ಇಬ್ಬರು ಹಿಡಿದು ನೇತಾಡುವುದಕ್ಕೂ, ಕೆಳಗಿನವನು ಮೇಲಿನವನ ಕಾಲು ಹಿಡಿದು ನೇತಾಡುವುದಕ್ಕೂ ಇರುವ ವ್ಯತ್ಯಾಸ ಅದು. ಮೂಲ ಜೋಡಣೆಯೂ ಕಟ್ಟಡ ನಿಯಮ ಕೇಳುವಷ್ಟು ಗಟ್ಟಿಯಿರಲಿಲ್ಲ ಎಂದು ತನಿಖೆ ತಿಳಿಸಿತು. ಆದ್ದರಿಂದ ಎಲ್ಲವನ್ನೂ ಈ ಬದಲಾವಣೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ನಕ್ಷೆ ಹಿಡಿದು ಬರುವವರಿಗೆ ನಾನು ತೋರಿಸುವುದು ಇದನ್ನೇ. ಬದಲಾವಣೆಯಾದ ಜಾಗದಿಂದ ಭಾರದ ಲೆಕ್ಕದ ಮೇಜಿಗೆ ಒಂದು ಬಾಣ ಹಿಂದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ.

ಬದಲಾವಣೆ ಹರಡುವ ಬಗೆಯನ್ನು ಕೇಂಬ್ರಿಡ್ಜ್‌ನ ಜಾನ್ ಕ್ಲಾರ್ಕ್‌ಸನ್, ಎಕರ್ಟ್ ಮತ್ತು ಸಂಗಡಿಗರು ಹೆಲಿಕಾಪ್ಟರ್‌ಗಳಲ್ಲಿ ಅಭ್ಯಸಿಸಿ 2004ರಲ್ಲಿ ಬರೆದದ್ದು ಇಲ್ಲಿ ನೆನಪಾಗುತ್ತದೆ. ಪ್ರತಿ ಗ್ರಾಹಕರಿಗೂ ಹೆಲಿಕಾಪ್ಟರ್ ಸ್ವಲ್ಪ ಬೇರೆಯದೇ ಆಗಬೇಕು. ಒಂದು ಉಪಕರಣ ಸೇರಿಸಿದರೆ ತೂಕ, ತೂಕದಿಂದ ಸಮತೋಲ, ತಂತಿಗಳ ದಾರಿ, ವಿದ್ಯುತ್ತು, ಹೀಗೆ ಬೆಳೆಯುತ್ತದೆ. ಕೆಲವು ಭಾಗಗಳು ಬದಲಾವಣೆಯನ್ನು ನುಂಗಿಕೊಳ್ಳುತ್ತವೆ, ಕೆಲವು ಬಂದಷ್ಟನ್ನೇ ದಾಟಿಸುತ್ತವೆ, ಕೆಲವು ಒಂದನ್ನು ಹತ್ತು ಮಾಡಿ ಕಳುಹಿಸುತ್ತವೆ. ಯಾವ ಭಾಗವೂ ಹುಟ್ಟಿನಿಂದ ಹೀಗೆಯೇ ಎಂದಿಲ್ಲ. ತನ್ನಲ್ಲಿ ಉಳಿಕೆಯ ಬಲವೋ ಜಾಗವೋ ಇರುವವರೆಗೆ ನುಂಗಿಕೊಂಡ ಭಾಗ, ಅದು ಮುಗಿದ ದಿನ ಎಲ್ಲ ದಿಕ್ಕಿಗೂ ಕೆಲಸ ಎಸೆಯುತ್ತದೆ. ಹಿಂದೆ ಹತ್ತು ಸಲ ಸಣ್ಣದಾಗಿದ್ದ ಬದಲಾವಣೆ ಹನ್ನೊಂದನೆಯ ಸಲ ದೊಡ್ಡದಾಗುವುದು ಹೀಗೆ. ಯೋಜನಾ ವ್ಯವಸ್ಥಾಪಕರು ನನ್ನನ್ನು ಫೋನಿನಲ್ಲಿ ಕರೆಯುವುದು ಸಾಮಾನ್ಯವಾಗಿ ಹನ್ನೊಂದನೆಯ ಸಲದ ನಂತರ. ಅವರ ದನಿಯಲ್ಲಿರುವ ಆಯಾಸ ನನಗೆ ಚೆನ್ನಾಗಿ ಗೊತ್ತು, ಅವರ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಬರುವುದು ಪದ್ಧತಿಗಳನ್ನು ಹೊತ್ತು ಮಾರುವವರ ಮೇಲೆ. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಎಂಜಿನಿಯರ್ ದೊಡ್ಡ ತಂತ್ರಾಂಶಗಳ ಅಭಿವೃದ್ಧಿಯ ಬಗ್ಗೆ ಒಂದು ಪ್ರಬಂಧ ಬರೆದರು. ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಚಿತ್ರವಿದೆ. ಹೀಗೆ ನೇರವಾಗಿ ಮಾಡಲು ಹೊರಟರೆ ಅಪಾಯ, ಸೋಲನ್ನು ಕರೆದಂತೆ ಎಂದು ಅವರೇ ಅಲ್ಲಿ ಬರೆದು, ಉಳಿದ ಪುಟಗಳನ್ನು ತಿದ್ದುಪಡಿಗೇ ಮೀಸಲಿಟ್ಟರು. ಲೋಕ ಆ ಚಿತ್ರವನ್ನಷ್ಟೇ ತೆಗೆದುಕೊಂಡಿತು. ‘ಜಲಪಾತ’ (ವಾಟರ್‌ಫಾಲ್) ಎಂಬ ಹೆಸರು, ಅವರ ಪ್ರಬಂಧದಲ್ಲಿ ಎಲ್ಲಿಯೂ ಇಲ್ಲದ್ದು, ಅದಕ್ಕೆ ಅಂಟಿಕೊಂಡಿತು. ಈಗ ಅದೇ ತಂತ್ರಾಂಶದವರ ಚುರುಕು (ಅಜೈಲ್) ಪದ್ಧತಿ, ಎರಡು ವಾರಕ್ಕೊಮ್ಮೆ ಸುತ್ತು ಹೊಡೆಯುವುದು, ಕಾರಿನ ಬಾಡಿ ಅಚ್ಚು ಮಾಡುವವರ ಬಾಗಿಲಿಗೂ ಬಂದಿದೆ. ತಂತ್ರಾಂಶದಲ್ಲಿ ಬಿಡುಗಡೆಯಾದ ಮೇಲೂ ತಿದ್ದಿ ಕಳುಹಿಸಬಹುದು. ಉಕ್ಕಿನ ಅಚ್ಚನ್ನು ಒಮ್ಮೆ ಕಡೆದ ಮೇಲೆ ತಿಂಗಳುಗಳ ಕೆಲಸ ಅದರಲ್ಲಿ ಸೇರಿಹೋಗಿರುತ್ತದೆ. ಚಿಪ್ ತಯಾರಿಸುವವರು ಮಾಸ್ಕ್, ಅಂದರೆ ಚಿಪ್‌ನ ವಿನ್ಯಾಸವನ್ನು ಮೂಡಿಸುವ ಫಲಕ, ಮಾಡಿಸುವ ಮುನ್ನ ಪರಿಶೀಲನೆಗೆ ಅಷ್ಟು ಶ್ರಮ ಸುರಿಯುವುದೂ ಇದಕ್ಕೇ: ಆ ಗೆರೆ ದಾಟಿದ ಮೇಲೆ ಹಿಂದಿರುಗುವುದು ಬಹಳ ದುಬಾರಿ. ಹಿಂದಿರುಗುವ ಬೆಲೆ ಎಲ್ಲಿ ಏರುತ್ತದೆ ಎಂಬುದನ್ನು ನೋಡದೆ ಪಕ್ಕದ ಉದ್ಯಮದ ಪದ್ಧತಿ ತಂದುಕೊಂಡರೆ, ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡಂತೆ.

ಟೊಯೊಟಾದ ವಿಷಯವೂ ಇಂಥದೇ. ಅಲ್ಲಿನ ಎಂಜಿನಿಯರ್‌ಗಳು ಹಲವು ಪರ್ಯಾಯಗಳನ್ನು ಒಟ್ಟಿಗೆ ಬಹುಕಾಲ ಜೀವಂತ ಇಟ್ಟುಕೊಂಡು, ತೀರ್ಮಾನ ತಡಮಾಡಿಯೂ ಕಾರನ್ನು ಬೇಗ ಮುಗಿಸುತ್ತಾರೆ ಎಂದು 1995ರಲ್ಲಿ ಅಮೆರಿಕದ ಸಂಶೋಧಕರು ಬರೆದರು. ಓದಿದ ಅನೇಕರು ತಡಮಾಡುವುದನ್ನಷ್ಟೇ ಕಲಿತರು. ಪರ್ಯಾಯಗಳನ್ನು ಪರೀಕ್ಷಿಸಿ ಒಂದೊಂದಾಗಿ ಕೈಬಿಡುವ ಶ್ರಮವನ್ನು ಯಾರೂ ಜೊತೆಗೆ ಒಯ್ಯಲಿಲ್ಲ.

ಹಾಗಾದರೆ ಮಾಡುವುದೇನು ಎಂದು ಮುಖ್ಯಸ್ಥರು ಕೇಳುತ್ತಾರೆ, ನ್ಯಾಯವಾಗಿಯೇ ಕೇಳುತ್ತಾರೆ. ನನ್ನ ಬಳಿ ಒಂದು ಪ್ರಶ್ನೆಯಿದೆ. ಪ್ರತಿ ಹಿಂಬಾಣದ ಬಳಿ ನಿಂತು, ಆ ಕೆಲಸ ಮಾಡುವವರನ್ನೇ ಕೇಳಿ: ಎರಡನೆಯ ಸಲ ಈ ಮೇಜಿಗೆ ಬಂದಾಗ, ಮೊದಲ ಸಲ ಇಲ್ಲದ ಯಾವ ತಿಳಿವಳಿಕೆ ನಿಮ್ಮ ಕೈಯಲ್ಲಿತ್ತು? ‘ಬಿಸಿಯ ಲೆಕ್ಕ ಸಿಕ್ಕಿತ್ತು’ ಎಂದರೆ ಆ ಸುತ್ತನ್ನು ಮುಟ್ಟಬೇಡಿ, ವೇಗ ಹೆಚ್ಚಿಸಿ. ‘ನೂಲಿನ ಗುಣ ತಿಳಿಯಿತು’ ಎಂದರೆ ಅದನ್ನು ಇನ್ನೂ ಮುಂಚೆ, ಅಗ್ಗವಾಗಿ ತಿಳಿಯಲು ದಾರಿ ಹುಡುಕಿ. ‘ಹೊಸದೇನೂ ಇರಲಿಲ್ಲ, ಮೊದಲ ಸಲ ಹಾಳೆ ಅರ್ಥವಾಗಿರಲಿಲ್ಲ’ ಎಂದರೆ ಆಗ ಬೇಕಾದರೆ ಕತ್ತರಿ ಹಿಡಿಯಿರಿ, ಕತ್ತರಿಸಬೇಕಾದ್ದು ಮಾತ್ರ ಹಾಳೆಯ ಬಳಿ ಇದೆ. ಈ ಪ್ರಶ್ನೆಯನ್ನು ವ್ಯವಸ್ಥಾಪಕರಿಗೆ ಕೇಳಿ ಪ್ರಯೋಜನವಿಲ್ಲ. ಅವರು ನಕ್ಷೆಯನ್ನು ನೋಡಿ ಉತ್ತರಿಸುತ್ತಾರೆ. ಒಂದೇ ಯೋಜನೆಯ ಆರು ಜನರಿಗೆ ಬಿಳಿ ಹಾಳೆ ಕೊಟ್ಟು ಪ್ರಕ್ರಿಯೆ ಬರೆಯಿರಿ ಎಂದಾಗ ನನಗೆ ಸಿಕ್ಕದ್ದು ಆರು ಬೇರೆ ಚಿತ್ರಗಳು. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ನಡುವೆ ದೊಡ್ಡದಾಗಿ, ಉಳಿದವರದನ್ನು ಅಂಚಿನಲ್ಲಿ ಚಿಕ್ಕದಾಗಿ ಬರೆದಿದ್ದರು. ಆರು ಜನವೂ ಪ್ರಾಮಾಣಿಕರು. ಅವರೆಲ್ಲರ ಹಾಳೆಗಳನ್ನು ಗೋಡೆಗೆ ಅಂಟಿಸಿದಾಗ ಅವರು ಒಬ್ಬರ ಹಾಳೆಯನ್ನೊಬ್ಬರು ಓದುತ್ತಾ ನಿಂತ ಆ ಅರ್ಧ ಗಂಟೆ, ನನ್ನ ವೃತ್ತಿಯಲ್ಲಿ ನಾನು ಅತ್ಯಂತ ಪ್ರೀತಿಸುವ ಗಳಿಗೆಗಳಲ್ಲಿ ಒಂದು.

ಕಳೆದ ತಿಂಗಳು ವೈದ್ಯಕೀಯ ಉಪಕರಣ ತಯಾರಿಸುವ ಸಂಸ್ಥೆಯೊಂದು ಮತ್ತೆ ಅಂಥ ನಕ್ಷೆ ಕಳುಹಿಸಿತು. ಐದು ಕೆಂಪು ಬಾಣಗಳು, ಐದನ್ನೂ ತೆಗೆಸಿಕೊಡಬೇಕೆಂಬ ಕೋರಿಕೆ. ನಾನು ಬೇರೇನೂ ಬರೆಯದೆ, ಪ್ರತಿ ಬಾಣದ ಎರಡೂ ತುದಿಗಳಲ್ಲಿ ಕುಳಿತಿರುವವರ ಹೆಸರು ಕೇಳಿದೆ. ನಾಲ್ಕು ಬಾಣಗಳ ಹೆಸರುಗಳು ಅದೇ ದಿನ ಬಂದವು. ಐದನೆಯದರ ಬಗ್ಗೆ ಎರಡು ವಾರ ವಿಚಾರಿಸಿದ ಮೇಲೆ ಅವರು ಬರೆದರು: ಆ ಬಾಣ ಪರೀಕ್ಷಾ ವಿಭಾಗದಿಂದ ಅಗತ್ಯಗಳ ಚೌಕಕ್ಕೆ ಹೋಗುತ್ತದೆ, ಪರೀಕ್ಷಾ ವಿಭಾಗದಲ್ಲಿ ಅದನ್ನು ಕಳುಹಿಸುವವರಿದ್ದಾರೆ, ಅಗತ್ಯಗಳ ಕಡೆ ಅದನ್ನು ತೆಗೆದುಕೊಳ್ಳುವವರು ಈಗ ಯಾರೂ ಇಲ್ಲ. ಮುಂದಿನ ಸೋಮವಾರ ಪರೀಕ್ಷಾ ವಿಭಾಗದವರ ಜೊತೆ ಕುಳಿತುಕೊಳ್ಳುತ್ತೇನೆ. ಇಷ್ಟು ದಿನ ಅವರು ಏನೇನು ಬರೆದು ಕಳುಹಿಸಿದ್ದರು ಎಂದು ಮೊದಲು ಓದಬೇಕು.