ಸಂಗಾತಿಯ ವರ್ಕ್ ಪರ್ಮಿಟ್: ಅರ್ಜಿ ಅವಳದ್ದು, ಅಳೆಯುವುದು ಗಂಡನ ಫೈಲನ್ನು

ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆ ಹುಡುಗಿ ನೋಡುವ ಮಾತುಕತೆಯಲ್ಲಿ ಈಗ ಒಂದು ಪ್ರಶ್ನೆ ತಪ್ಪುವುದಿಲ್ಲ: "ಅಲ್ಲಿ ಹೋದ ಮೇಲೆ ಅವಳಿಗೆ ಕೆಲಸ ಮಾಡ್ಲಿಕ್ಕೆ ಆಗ್ತದಾ?" ಹುಡುಗ ಅಮೆರಿಕದಲ್ಲೋ ಕೆನಡಾದಲ್ಲೋ ಇರುತ್ತಾನೆ. ಹುಡುಗಿ ಪೊವ್ವಲಿನಲ್ಲೋ ಪುತ್ತೂರಿನಲ್ಲೋ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಲ್ಲಿ ನಾಲ್ಕಾರು ವರ್ಷ ದುಡಿದಿರುತ್ತಾಳೆ. ಹೋದ ಮೇಲೆ ಅರ್ಜಿ ಹಾಕುತ್ತಾಳೆ, ತಿರಸ್ಕಾರ ಆಗುತ್ತದೆ. ಊರಿಗೆ ಮುಟ್ಟುವ ಸುದ್ದಿ ಮಾತ್ರ ಬೇರೆ: "ಅವಳದ್ದು ಏನೋ ಸರಿ ಇರ್ಲಿಲ್ಲವಂತೆ." ಆದರೆ ಆ ಅರ್ಜಿಯಲ್ಲಿ ಅವಳ ಬಗ್ಗೆ ಕೇಳುವುದೇ ಕಡಿಮೆ. ಅವಳ ಡಿಗ್ರಿ, ಅನುಭವ, ಸಂಬಳ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ.

ಗಲ್ಫ್ ನಮ್ಮ ಕಾಸರಗೋಡು ಜಿಲ್ಲೆಗೆ ಹಳೆಯದು. ಎಪ್ಪತ್ತರ ದಶಕದಿಂದ ಹೋದವರಲ್ಲಿ ಬಹಳಷ್ಟು ಮಂದಿಯ ಹೆಂಡತಿಯರು ಊರಲ್ಲೇ ಉಳಿದರು. ಅಲ್ಲಿ ಮೊದಲ ತಡೆ ಗಂಡನ ಸಂಬಳ. ಯುಎಇಯಲ್ಲಿ 2019ರ ನಂತರ 4,000 ದಿರ್ಹಮ್, ಇಲ್ಲವೇ 3,000 ದಿರ್ಹಮ್ ಮತ್ತು ವಸತಿ ಇದ್ದರೆ ಕುಟುಂಬವನ್ನು ಕರೆಸಬಹುದು. ಕುವೈತ್ 2022ರಲ್ಲಿ ಕುಟುಂಬ ವೀಸಾವನ್ನೇ ನಿಲ್ಲಿಸಿತು. 2024ರ ಜನವರಿಯಲ್ಲಿ ಮತ್ತೆ ತೆರೆದಾಗ 800 ದಿನಾರ್ ಸಂಬಳ, ಮೇಲಿಂದ ಡಿಗ್ರಿ ಬೇಕು ಎಂದಿತು. ಹೆಂಡತಿಯ ಕೆಲಸದ ಪ್ರಶ್ನೆ ಬರುವುದು ಇದೆಲ್ಲ ದಾಟಿದ ಮೇಲೆ.

ಅಮೆರಿಕದ ಕತೆ ಹಾಗಲ್ಲ. ಅಲ್ಲಿಗೆ ಹೆಂಡತಿಯನ್ನು ಕರೆದುಕೊಂಡು ಹೋಗುವುದು ಸುಲಭ. ಹೋದ ಮೇಲೆ ಅವಳು ಮನೆಯಲ್ಲಿ ಕೂತಿರಬೇಕು, ಅಷ್ಟೇ.

ಡಿಗ್ರಿ ಬೇಕಾದ ಕೆಲಸಕ್ಕೆ ಹೊರಗಿನಿಂದ ಹೋಗುವವರಿಗೆ ಕೊಡುವ ಎಚ್-1ಬಿ ವೀಸಾಕ್ಕೆ ಈಗಿನ ರೂಪ ಬಂದದ್ದು 1990ರ ಕಾನೂನಿನಿಂದ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡಿಗೆ ವರ್ಷಕ್ಕೆ ಸುಮಾರು 1,40,000 ಎಂದು ಗೆರೆ ಎಳೆದದ್ದೂ, ಒಂದೇ ದೇಶದವರಿಗೆ ಶೇ. 7ಕ್ಕಿಂತ ಜಾಸ್ತಿ ಇಲ್ಲ ಎಂದದ್ದೂ ಅದೇ ಕಾನೂನು. ಆ 1,40,000ದಲ್ಲಿ ಹೆಂಡತಿ ಮಕ್ಕಳ ಲೆಕ್ಕವೂ ಸೇರಿದೆ. ಭಾರತದಿಂದ ಹೋಗುವವರು ಹೆಚ್ಚಾದರು, ಸಾಲು ಹನುಮಂತನ ಬಾಲ ಆಯಿತು. ಎಚ್-1ಬಿಗೆ ಆರು ವರ್ಷದ ಮಿತಿ ಇತ್ತು. 2000ದಲ್ಲಿ ಬಂದ ಇನ್ನೊಂದು ಕಾನೂನು, ಗ್ರೀನ್ ಕಾರ್ಡ್ ಸಾಲಿನಲ್ಲಿ ಇರುವವರು ಆರು ವರ್ಷ ಕಳೆದರೂ ಇರಬಹುದು ಎಂದಿತು. ಗಂಡ ದುಡಿಯುತ್ತಲೇ ಕಾಯಬಹುದು. ಹೆಂಡತಿ ಸುಮ್ನೆ ಕಾಯಬೇಕು.

2002ರಲ್ಲಿ ಒಂದು ವಿಚಿತ್ರ ಆಯಿತು. ಕಂಪನಿಯೊಳಗೇ ವರ್ಗವಾಗಿ ಎಲ್-1 ವೀಸಾದಲ್ಲಿ ಹೋದವರ ಸಂಗಾತಿಗೆ ಕೆಲಸದ ಅನುಮತಿ ಕೊಡಲು ಅಮೆರಿಕದ ಸಂಸತ್ತೇ ಕಾನೂನು ಮಾಡಿತು. ಎಚ್-1ಬಿಯವರ ಸಂಗಾತಿಗೆ, ಅಂದರೆ ಎಚ್-4ರಲ್ಲಿ ಇರುವವರಿಗೆ, ಏನೂ ಸಿಗಲಿಲ್ಲ. ಒಂದೇ ಅಪಾರ್ಟ್‌ಮೆಂಟಿನಲ್ಲಿ ಎದುರುಬದುರು ಮನೆಯ ಇಬ್ಬರು ಹೆಂಗಸರು. ಓದು ಒಂದೇ, ಊರೂ ಒಂದೇ ಇರಬಹುದು. ಒಬ್ಬಳು ಬೆಳಿಗ್ಗೆ ಆಫೀಸಿಗೆ ಹೋಗುತ್ತಾಳೆ, ಇನ್ನೊಬ್ಬಳು ಹೋಗುವ ಹಾಗಿಲ್ಲ. ವ್ಯತ್ಯಾಸ ಗಂಡನ ವೀಸಾದ ಅಕ್ಷರದ್ದು.

ಎಚ್-4ರವರಿಗೆ ಬಾಗಿಲು ತೆರೆದದ್ದು 2015ರ ಮೇ 26ರಂದು. ಅದೂ ಪೂರ್ತಿ ಅಲ್ಲ. ಗಂಡನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಒಪ್ಪಿಗೆ ಆಗಿರಬೇಕು. ಇಲ್ಲವೇ 2000ದ ಕಾನೂನಿನ ಪ್ರಕಾರ ಆರು ವರ್ಷದ ಆಚೆಗೆ ಅವನ ವೀಸಾ ಮುಂದುವರಿದಿರಬೇಕು. ಮೊದಲ ವರ್ಷ 1,79,600 ಮಂದಿವರೆಗೆ ಅರ್ಹರಾಗಬಹುದು ಎಂದು ಅಲ್ಲಿನ ಸರಕಾರ ಅಂದಾಜು ಮಾಡಿತ್ತು.

ತಿರಸ್ಕಾರದ ಬೇರು ಇರುವುದು ಈ ಷರತ್ತಿನಲ್ಲೇ. ಹೋಗಿ ಎರಡು ವರ್ಷ ಆಗಿರುವ ಹುಡುಗನ ಕಂಪನಿ ಹೆಚ್ಚಾಗಿ ಐ-140 ಹಾಕಿಯೇ ಇರುವುದಿಲ್ಲ. ಹೆಂಡತಿ ಏನು ಬರೆದರೂ ಅರ್ಜಿ ನಿಲ್ಲುವುದಿಲ್ಲ. ಇನ್ನು ಕೆಲವರದ್ದು ಒಪ್ಪಿಗೆ ಆಗಿರುತ್ತದೆ, ಆದರೆ 180 ದಿನ ತುಂಬುವ ಮೊದಲೇ ಗಂಡ ಕಂಪನಿ ಬಿಟ್ಟಿರುತ್ತಾನೆ, ಕಂಪನಿ ಅದನ್ನು ವಾಪಸ್ ತೆಗೆದಿರುತ್ತದೆ. 180 ದಿನ ದಾಟಿದ್ದರೆ ಕಂಪನಿ ವಾಪಸ್ ತೆಗೆದಷ್ಟಕ್ಕೇ ಅದು ರದ್ದಾಗುವುದಿಲ್ಲ. ಈ ನಿಯಮ ಬಂದದ್ದು 2017ರಲ್ಲಿ. ಗಂಡನ ಕೆಲಸ ಹೋದರೆ 60 ದಿನದ ಅವಕಾಶ. ಅಷ್ಟರೊಳಗೆ ಬೇರೆ ದಾರಿ ಆಗದಿದ್ದರೆ ಹೆಂಡತಿಯ ಎಚ್-4 ಕೂಡ ಉಳಿಯುವುದಿಲ್ಲ, ಅವಳ ಕೆಲಸ ಎಷ್ಟೇ ಚೆನ್ನಾಗಿರಲಿ. ಕಂಗಿಗೆ ಬಿಟ್ಟ ಒಳ್ಳೆಮೆಣಸಿನ ಬಳ್ಳಿಯ ಹಾಗೆ: ಮರ ಬಿದ್ದರೆ ಬಳ್ಳಿಯಲ್ಲಿ ಎಷ್ಟು ಗೊನೆ ಇತ್ತೆಂದು ಯಾರೂ ಕೇಳುವುದಿಲ್ಲ.

2019ರಿಂದ 2021ರವರೆಗಿನ ಕಾಲ ಇನ್ನೂ ಕಷ್ಟದ್ದು. 2019ರ ಮಾರ್ಚಿನಿಂದ ಎಚ್-4 ನವೀಕರಣಕ್ಕೂ ಬೆರಳಚ್ಚು ಬೇಕು ಎಂದಾಯಿತು. ಗಂಡನದ್ದು ಹೆಚ್ಚುವರಿ ಹಣ ಕಟ್ಟಿದರೆ ಹದಿನೈದು ದಿನದಲ್ಲಿ ಆಗುತ್ತಿತ್ತು. ಹೆಂಡತಿಯ ಫೈಲು ತಿಂಗಳುಗಟ್ಟಲೆ ಕೂರುತ್ತಿತ್ತು. ಮರುವರ್ಷ ಕೊರೋನಾ ಬಂತು, ಬೆರಳಚ್ಚಿನ ಕೇಂದ್ರಗಳೇ ಮುಚ್ಚಿದವು. ಅರ್ಜಿ ತಿರಸ್ಕಾರ ಆಗಲಿಲ್ಲ, ಉತ್ತರವೂ ಬರಲಿಲ್ಲ. ವರ್ಕ್ ಪರ್ಮಿಟ್ ಕಾರ್ಡಿನ ಅವಧಿ ಮುಗಿದ ದಿನ ಆಫೀಸಿನವರು "ನಾಳೆಯಿಂದ ಬರಬೇಡಿ" ಎನ್ನಲೇಬೇಕು. ಲೆಕ್ಕಕ್ಕೆ ಸಿಗದ ತಿರಸ್ಕಾರ ಅಂದರೆ ಇದೇ ಅಲ್ವಾ? 2021ರ ಮೇ ತಿಂಗಳಲ್ಲಿ ಬೆರಳಚ್ಚಿನ ನಿಯಮ ಬದಿಗೆ ಹೋಯಿತು. ನವೆಂಬರಿನಲ್ಲಿ ಕೋರ್ಟಿನ ರಾಜಿಯಿಂದ ನವೀಕರಣಕ್ಕೆ 180 ದಿನದ ತಾನಾಗಿಯೇ ವಿಸ್ತರಣೆ ಸಿಕ್ಕಿತು. ಆದರೆ ಅದು ನಡೆಯುತ್ತಿದ್ದದ್ದು ಅವಳ ಐ-94, ಅಂದರೆ ಅಲ್ಲಿ ಎಷ್ಟು ದಿನ ಇರಬಹುದು ಎಂಬ ದಾಖಲೆ, ಇರುವಷ್ಟು ದಿನ ಮಾತ್ರ. ಹೆಚ್ಚಿನವರಿಗೆ ಐ-94, ವರ್ಕ್ ಪರ್ಮಿಟ್ ಎರಡೂ ಮುಗಿಯುವುದು ಒಂದೇ ದಿನ. ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು.

ಇನ್ನು ಕಾಗದಪತ್ರ. ನಮ್ಮ ಕಾಸರಗೋಡಿನವರಿಗೆ ಇಲ್ಲಿ ಸ್ವಂತದ್ದೊಂದು ತೊಂದರೆ ಇದೆ. ಮದುವೆ ಆಗಿದೆ ಎಂಬುದಕ್ಕೆ ದಾಖಲೆ ಬೇಕು. ಕರೆಯೋಲೆ, ಆಲ್ಬಮ್ ಇದ್ದರೆ ಸಾಲದು. ಕೇರಳದಲ್ಲಿ 2008ರ ನಿಯಮ ಬಂದ ಮೇಲೆ ಯಾವ ಜಾತಿ, ಧರ್ಮದವರಾದರೂ ಸ್ಥಳೀಯ ಪಂಚಾಯತ್ ಅಥವಾ ನಗರಸಭೆಯಲ್ಲಿ 45 ದಿನದೊಳಗೆ ಮದುವೆ ನೋಂದಣಿ ಮಾಡಬೇಕು. ಮದುವೆ ಎಲ್ಲಿ ಆಯಿತೋ ಅಲ್ಲಿನ ಪಂಚಾಯತ್. ನಮ್ಮಲ್ಲಿ ಎಷ್ಟೋ ಮದುವೆ ಆಗುವುದು ಗಡಿ ದಾಟಿ, ಪುತ್ತೂರು, ವಿಟ್ಲ, ಮಂಗಳೂರಿನ ಹಾಲ್‌ಗಳಲ್ಲಿ. ಆಗ ಕರ್ನಾಟಕದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಹುಡುಗಿಯ ದಾಖಲೆ ಕೇರಳದ್ದು, ಮದುವೆಯ ಸರ್ಟಿಫಿಕೇಟು ಕರ್ನಾಟಕದ್ದು.

ಹೆಸರಿನ ಗೋಜಲು ಇನ್ನೊಂದು. ಎಸ್ಎಸ್ಎಲ್‌ಸಿಯಲ್ಲಿ ಹೆಸರಿನ ಹಿಂದೆ ಒಂದು ಇನಿಶಿಯಲ್, ಆಧಾರಿನಲ್ಲಿ ಮನೆಹೆಸರು, ಮದುವೆ ಸರ್ಟಿಫಿಕೇಟಿನಲ್ಲಿ ತಂದೆಯ ಪೂರ್ತಿ ಹೆಸರು. ಕನ್ನಡ ಶಾಲೆಯಲ್ಲಿ ಓದಿದವಳ ಹೆಸರು ಮಲಯಾಳಂನಲ್ಲಿ ಕೆಲಸ ಮಾಡುವ ಕಚೇರಿಯ ಕಂಪ್ಯೂಟರಿಗೆ ಏರುವಾಗ ಇಂಗ್ಲಿಷಿನ ಒಂದಕ್ಷರ ಆಚೀಚೆ ಆಗುವುದೂ ಉಂಟು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರಂತೂ ಅಮೆರಿಕದ ವೀಸಾದಲ್ಲಿ ಅವಳ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ. ಇಷ್ಟಕ್ಕೇ ಅರ್ಜಿ ಬಿದ್ದುಹೋಗುತ್ತದೆ ಎಂದಲ್ಲ. ಮೊದಲು ಪ್ರಶ್ನೆ ಕೇಳಿ ಪತ್ರ ಬರಬಹುದು. ಅದಕ್ಕೆ ಸರಿಯಾದ ದಾಖಲೆ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಬೀಳುತ್ತದೆ. ಹೊರಡುವ ಮೊದಲು ಕೇರಳದ ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಕೂತು ಎಲ್ಲವನ್ನೂ ಒಂದೇ ಹೆಸರಿಗೆ ತಂದುಕೊಂಡರೆ ಒಳ್ಳೆಯದು. ಸಹಿ ಬಿಟ್ಟದ್ದು, ಶುಲ್ಕ ತಪ್ಪಿದ್ದು ಇದ್ದರೆ ಲಕೋಟೆ ಹಾಗೆಯೇ ವಾಪಸ್ ಬರುತ್ತದೆ. ಅದು ತಿರಸ್ಕಾರ ಅಲ್ಲ, ಸರಿ ಮಾಡಿ ಮತ್ತೆ ಕಳಿಸಬಹುದು.

ಕೆನಡಾ ಎರಡೇ ವರ್ಷದಲ್ಲಿ ಬಾಗಿಲು ತೆರೆದು ಮುಚ್ಚಿತು. 2023ರ ಜನವರಿಯಲ್ಲಿ ಎಲ್ಲ ಮಟ್ಟದ ಕೆಲಸಗಾರರ ಸಂಗಾತಿಗೂ ಪರ್ಮಿಟ್ ಎಂದರು. 2024ರ ಮಾರ್ಚಿನಲ್ಲಿ ವಿದ್ಯಾರ್ಥಿಗಳ ಸಂಗಾತಿಗೆ ಕತ್ತರಿ ಬಿತ್ತು. 2025ರ ಜನವರಿ 21ರಿಂದ ವಿದ್ಯಾರ್ಥಿಯ ಕೋರ್ಸು 16 ತಿಂಗಳಾದರೂ ಇರುವ ಮಾಸ್ಟರ್ಸ್, ಇಲ್ಲವೇ ಡಾಕ್ಟರೇಟ್, ಅಥವಾ ಕೆಲವು ವೃತ್ತಿ ಕೋರ್ಸು ಆಗಿರಬೇಕು. ಕೆಲಸಗಾರನಾದರೆ ಮೇಲ್ಮಟ್ಟದ ಅಥವಾ ಪಟ್ಟಿಯಲ್ಲಿರುವ ಕೆಲಸ ಬೇಕು, ಪರ್ಮಿಟಿನಲ್ಲಿ 16 ತಿಂಗಳು ಬಾಕಿ ಇರಬೇಕು. ಹಳೆಯ ನಿಯಮ ನಂಬಿ ಡಿಪ್ಲೊಮಾಕ್ಕೆ ಹೋದವರ ಸಂಗಾತಿಗಳು ಊರಲ್ಲೇ ಬಾಕಿಯಾದರು. ಏಜೆಂಟರ ಹಳೆಯ ಬ್ರೋಷರ್ ಇನ್ನೂ ಓಡಾಡುತ್ತಿದ್ದರೆ ಆಶ್ಚರ್ಯವಿಲ್ಲ.

ಅಮೆರಿಕದಲ್ಲಿ 2015ರ ನಿಯಮದ ಮೇಲೆ ಆ ವರ್ಷವೇ ಕೇಸು ಬಿದ್ದಿತ್ತು. ನಡುವೆ ಒಂದು ಸರಕಾರ ನಿಯಮ ತೆಗೆಯಲು ಹೊರಟಿತು, ಮುಂದಿನದ್ದು ಆ ಪ್ರಸ್ತಾಪ ಕೈಬಿಟ್ಟಿತು. 2025ರ ಅಕ್ಟೋಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲಿಲ್ಲ, ನಿಯಮ ಉಳಿಯಿತು. ಅದೇ ತಿಂಗಳ 30ರಿಂದ ಹಾಕುವ ನವೀಕರಣಗಳಿಗೆ ತಾನಾಗಿಯೇ ವಿಸ್ತರಣೆ ಸಿಗುವುದು ನಿಂತಿತು. ಅವಧಿ ಮುಗಿಯುವ 180 ದಿನ ಮೊದಲೇ ಅರ್ಜಿ ಹಾಕಿ ಕಾಯುವುದು ಈಗಿನ ದಾರಿ. ಎಲ್-1ರವರ ಸಂಗಾತಿಯ ಹಕ್ಕು ಸಂಸತ್ತಿನ ಕಾನೂನಿನಲ್ಲಿ ಬರೆದದ್ದು. ಎಚ್-4ರವರದ್ದು ಒಂದು ಇಲಾಖೆಯ ನಿಯಮ. ಅದನ್ನು ಬದಲಾಯಿಸಲು ಸಂಸತ್ತಿನಲ್ಲಿ ಮತ ಬೇಕಾಗಿಲ್ಲ.